ಕೇಳಿ ತಂದ ಜೇಡ್ ಗಿಡ

ಹರಿಹರದ ಸೋದರತ್ತೆಯ ಹಿತ್ತಲಲ್ಲಿ ಹಳೆಯ ಜೇಡ್ ಗಿಡವಿತ್ತು. ಮೊಳಕೈ ದಪ್ಪದ ಕಾಂಡ, ಉಬ್ಬಿದ ಎಲೆ. ಕಳೆದ ಬೇಸಿಗೆಯಲ್ಲಿ ಒಂದು ಟೊಂಗೆ ಕೇಳಿದೆ.

"ಕೇಳಬ್ಯಾಡಲೇ. ನಾ ಒಳಗ ಹೋಗ್ತೀನಿ, ನೀ ಮುರ್ಕೊಂಡು ಹೋಗು. ಕದ್ದು ಒಯ್ದದ್ದಷ್ಟೇ ಬೇರು ಹಿಡಿಯೋದು."

"ಕದ್ದಿದ್ದೋ ಕೇಳಿದ್ದೋ, ಗಿಡಕ್ಕ ಹೆಂಗೆ ಗೊತ್ತಾಗುತ್ತೆ ಅತ್ತೆ? ನಿಮ್ಮೆದುರಿಗೇ ಮುರೀತೀನಿ. ಬೇರು ಬಂದ್ರ ಸೋತೆ ಅಂತ ಒಪ್ಕೋಬೇಕು."

"ಒಣಗಿದ್ರ?"

"ನಾ ಒಪ್ಕೊಂತೀನಿ."

"ನೀನಾ?" ಅತ್ತೆ ನಕ್ಕರು. "ವಕೀಲಪ್ಪ ಸೋಲು ಒಪ್ಪೋದು ನೋಡಾಕಾದ್ರೂ ನಾ ಇರಬೇಕಲೇ."

ಇರಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ತೀರಿಕೊಂಡರು. ಸಾವಿನ ಮನೆಗೆ ಬಂದವರೆಲ್ಲ, ಅವರ ಗಿಡ ಒಣಗಬಾರದೆಂದು ಒಂದೊಂದು ಚೊಂಬು ನೀರು ಹಾಕಿದರು. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ ಅದು. ಬುಡ ಕೊಳೆತು ಕುಸಿಯಿತು. ಅತ್ತೆಯ ಗಿಡವೆಂದು ಉಳಿದದ್ದು ದಾವಣಗೆರೆಯಲ್ಲಿ, ಅವರೆದುರಿಗೇ ಮುರಿದು ತಂದು ನನ್ನ ಕೋಣೆಯ ಕಿಟಕಿಯಲ್ಲಿಟ್ಟಿದ್ದ ಟೊಂಗೆ ಒಂದೇ.

ಎಲ್ಲ ಸರಿಯಾಗೇ ಮಾಡಿದ್ದೆ. ಮುರಿದ ಗಾಯ ಒಣಗುವ ತನಕ ಕಾದು, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಬೆರಳಿಟ್ಟು ನೋಡಿಯೇ ನೀರು ಹಾಕುತ್ತಿದ್ದೆ. ಅದು ಚಿಗುರಲಿಲ್ಲ, ಸಾಯಲೂ ಇಲ್ಲ. ಎಲೆಗಳು ಸುಕ್ಕುಗಟ್ಟಿ ಉದುರುತ್ತಿದ್ದವು. ಕಿಟಕಿಯ ಹತ್ತಿರ ಹೋದಾಗಲೆಲ್ಲ ಬೆನ್ನ ಹಿಂದೆ "ನೀನಾ?" ಎಂದಂತಾಗುತ್ತಿತ್ತು. ಸತ್ತವರು ಮಾತಾಡುವುದಿಲ್ಲ, ಅದು ಬರೀ ನೆನಪು ಎಂದು ಕಾಲೇಜಿನ ಯಾವ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ಬೇಕಾದರೂ ವಾದಿಸಿ ಗೆಲ್ಲಬಲ್ಲೆ. ಆದರೂ ಬಾಗಿಲು ಹಾಕಿಕೊಂಡು ಮಲಗುವುದನ್ನು ಬಿಟ್ಟೆ.

ಎರಡೇ ಎಲೆ ಉಳಿದವು. ಒಂದು ದಿನ ಕಾಲೇಜಿನಿಂದ ಬಂದು ನೋಡಿದರೆ ಒಂದೇ ಇತ್ತು. ಇನ್ನೊಂದು ಕೆಳಗೂ ಬಿದ್ದಿರಲಿಲ್ಲ. ಅಮ್ಮನನ್ನು ಕೇಳಿದೆ.

"ನಂಗೇನು ಗೊತ್ತಪ್ಪ," ಎಂದಳು, ಮುಖ ನೋಡದೆ.

ಉಳಿದ ಎಲೆಯೂ ಉದುರಿ ಟೊಂಗೆ ಕಡ್ಡಿಯಂತೆ ಒಣಗಿದ ಮೇಲೆ, ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಹಿಂದೆ ಮರಳು ತುಂಬಿದ ಚಹಾ ಲೋಟ ಕಣ್ಣಿಗೆ ಬಿತ್ತು. ಅದರಲ್ಲಿ ಆ ಎಲೆ. ಬುಡದಲ್ಲಿ ದಾರದಂಥ ಬೇರು, ಪಕ್ಕದಲ್ಲಿ ಸಾಸಿವೆಯಷ್ಟು ಚಿಗುರು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರ ಬೇರು ಹಿಡೀತಿತ್ತೇನು?"

ಅದಕ್ಕೆ ಕಾರಣ ಒಲೆಯ ಪಕ್ಕದ ಕಾವು, ಅಮ್ಮ ಮರೆತು ನೀರೇ ಹಾಕದೆ ಬಿಟ್ಟದ್ದು, ಇನ್ನೇನಲ್ಲ. ಬಾಯಿ ತನಕ ಬಂದದ್ದನ್ನು ನುಂಗಿಕೊಂಡೆ. ಕೋಣೆಗೆ ಹೋಗಿ, ಬೋಳು ಟೊಂಗೆಯ ಮುಂದೆ ನಿಂತು, ಗಟ್ಟಿಯಾಗಿಯೇ ಹೇಳಿದೆ: "ಸೋತೆ ಅತ್ತೆ."

ಯಾರೂ ನಗಲಿಲ್ಲ. ಆ ನಗು ಕೇಳಿಸೀತೇನೋ ಎಂದು ಸ್ವಲ್ಪ ಹೊತ್ತು ನಿಂತೇ ಇದ್ದೆ.