ಶಿವರುದ್ರಮ್ಮನ ಉಸಿರು

ತಾವರೆಕೆರೆಯ ಸೋಮವಾರದ ಭಜನೆಯಲ್ಲಿ ಮೊದಲ ಹಾಡು ಯಾವಾಗಲೂ ಶಿವರುದ್ರಮ್ಮನವರದು. ಓದು ಬಾರದಿದ್ದರೂ ನೂರಾರು ಹಾಡು ಬಾಯಲ್ಲೇ ಇದ್ದವು. ಮಹಾರಾಜರ ಕಾಲ, ಸಾವಿರದ ಒಂಬೈನೂರ ಮೂವತ್ತೈದರ ಸುಮಾರು, ಅವರಿಗೆ ಉಬ್ಬಸ ಗಂಟುಬಿತ್ತು. ಎರಡು ಸಾಲು ಹಾಡುವಷ್ಟರಲ್ಲಿ ಕೆಮ್ಮು. ಮೊದಮೊದಲು ಜನ ಕಾದರು. ಆಮೇಲೆ ಬೇರೆಯವರು ಹಾಡು ಎತ್ತಿಕೊಂಡರು. ಶಿವರುದ್ರಮ್ಮ ತಾಳ ಹಿಡಿದು ಹಿಂದೆ ಕೂತರು.

"ಊಟ ಬಿಟ್ಟೇನು, ಹಾಡು ಬುಡಕಾಗಲ್ಲ ಅನ್ನಿಸ್ಬುಟ್ಟಿತ್ತು ಕಣಮ್ಮ" ಎಂದು ಎಷ್ಟೋ ವರ್ಷಗಳ ಮೇಲೆ ನನ್ನ ಹತ್ತಿರ ಹೇಳಿದ್ದರು.

ಪಕ್ಕದ ಮನೆಯ ಅಡವಯ್ಯನವರು ಬೆಳಿಗ್ಗೆ ತಮ್ಮ ಪಡಸಾಲೆಯಲ್ಲಿ ಐದಾರು ಗಂಡಸರಿಗೆ ಪ್ರಾಣಾಯಾಮ ಹೇಳಿಕೊಡುತ್ತಿದ್ದರು. ಗಡಿಯಾರವಿಲ್ಲ, ಮಂತ್ರವೇ ಅಳತೆ. ಅವರು ನಿಧಾನವಾಗಿ "ನಮಃ ಶಿವಾಯ" ಎಂದು ನಾಲ್ಕು ಸಲ ಹೇಳುವವರೆಗೆ ಉಸಿರು ಎಳೆಯಬೇಕು, ಎಂಟು ಸಲ ಹೇಳುವವರೆಗೆ ಬಿಡಬೇಕು. ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಕೈ ಎತ್ತಿ, ಇಳಿಸಿ ತೋರಿಸುತ್ತಿದ್ದರು. ಹೀಗೆ ಮಾಡಿ ಒಬ್ಬರ ಉಬ್ಬಸ ಕಡಿಮೆಯಾಯಿತೆಂಬ ಮಾತು ಶಿವರುದ್ರಮ್ಮನ ಕಿವಿಗೆ ಬಿತ್ತು. ಹೆಂಗಸರು ಆ ಸಾಲಿನಲ್ಲಿ ಕೂರುವ ವಾಡಿಕೆ ಇರಲಿಲ್ಲ. ಶಿವರುದ್ರಮ್ಮ ತಮ್ಮ ಕೊಟ್ಟಿಗೆಯ ಗೋಡೆಗೆ ಒರಗಿ, ಆಚೆಯಿಂದ ಬರುವ ದನಿಯನ್ನೇ ಕೇಳಿ ಕಲಿಯತೊಡಗಿದರು. ಕೈ ಕಾಣಲಿಲ್ಲವಲ್ಲ, ಮಂತ್ರ ನಿಲ್ಲುವವರೆಗೂ ಉಸಿರು ಕಟ್ಟಿಕೊಂಡಿರಬೇಕೆಂದು ತಿಳಿದರು. ಆಗದೆ ನಡುವೆ ಉಸಿರಾಡಿದಾಗಲೆಲ್ಲ ಪಾಪ ಮಾಡಿದಂತೆ ಗಲ್ಲ ಬಡಿದುಕೊಂಡರು. ಎಂಟನೆಯ ದಿನ ಹಟ ಹಿಡಿದು ಕಟ್ಟಿದರು. ಸಗಣಿ ಬುಟ್ಟಿಯ ಪಕ್ಕ ಕಣ್ಣು ಕತ್ತಲಿಟ್ಟು ಬಿದ್ದರು.

"ಬನ್ರಪ್ಪೋ, ನನ್ ಸೊಸೆ ಬಿದ್ಬುಟ್ಟವ್ಳೆ!" ಎಂದು ಅತ್ತೆ ಕರಿಬಸಮ್ಮ ಕೂಗಿಕೊಂಡರು. ಅಡವಯ್ಯನವರೂ ಶಿಷ್ಯರೂ ಓಡಿಬಂದರು. ನೀರು ಚಿಮುಕಿಸಿದ ಮೇಲೆ ಶಿವರುದ್ರಮ್ಮ ನಡೆದದ್ದನ್ನು ಹೇಳಿದರು.

"ಅಷ್ಟೊತ್ತು ಉಸುರು ಕಟ್ಟಿದ್ಯೇನಮ್ಮ? ನನ್ ಕೈಲೇ ಆಗಲ್ವಲ್ಲ!" ಎಂದರು ಅಡವಯ್ಯ.

"ನೀವು ನಿಲ್ಲಿಸ್ತೀರಿ, ನಿಲ್ಲಿಸ್ತೀರಿ ಅಂತ ಕಾದೆ ಅಯ್ನೋರೇ. ನೀವು ನಿಲ್ಲಿಸ್ಲೇ ಇಲ್ಲ."

ಶಿಷ್ಯರು ನಕ್ಕರು. ಅಡವಯ್ಯ ನಗಲಿಲ್ಲ. "ನಾಳೆಯಿಂದ ಒಳಕ್ಕೇ ಬಾರಮ್ಮ" ಎಂದರು.

ಕರಿಬಸಮ್ಮ ಸೊಂಟಕ್ಕೆ ಕೈಯಿಟ್ಟರು. "ಗಂಡಸ್ರ ಮುಂದೆ ಮೂಗ್ ಹಿಡ್ಕಂಡು ಕೂತ್ಕಂತಾಳಾ? ಊರೋರು ನಗಾಕಿಲ್ವಾ?"

"ನೀನೂ ಬಂದು ಪಕ್ಕದಲ್ಲಿ ಕೂತ್ಕ. ನಿನ್ ಮುಖ ನೋಡ್ಕಂಡು ಯಾವನು ನಗ್ತಾನೆ?"

ಸೊಸೆಯನ್ನು ಕಾಯಲು ಹೋದ ಅತ್ತೆ, ವಾರ ಕಳೆಯುವಷ್ಟರಲ್ಲಿ ತಾವೂ ಉಸಿರು ಎಳೆದು ಬಿಡುತ್ತಿದ್ದರು. ಶಿವರುದ್ರಮ್ಮನ ಉಬ್ಬಸ ಹಗುರಾಯಿತು, ಪೂರ್ತಿ ಹೋಗಲಿಲ್ಲ. ಚಳಿಗಾಲದಲ್ಲಿ ಮತ್ತೆ ಬಂದೇ ಬರುತ್ತಿತ್ತು.

ಶ್ರಾವಣದ ಒಂದು ಸೋಮವಾರ ಶಿವರುದ್ರಮ್ಮ ಮತ್ತೆ ಹಾಡು ಎತ್ತಿದರು. ಎರಡು ಸಾಲಿಗೆ ಉಸಿರು ಮುಗಿಯಿತು. ಹಿಂದಿನಂತೆ ಕೆಮ್ಮಿಕೊಂಡು ಮುಂದಕ್ಕೆ ಓಡಲಿಲ್ಲ. ನಿಲ್ಲಿಸಿ, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಮಂತ್ರ ಹೇಳಿಕೊಂಡು ಉಸಿರು ಎಳೆದರು, ನಿಧಾನವಾಗಿ ಬಿಡತೊಡಗಿದರು. ಭಜನೆಯ ರುದ್ರಯ್ಯ ಹಾಡು ಮುಂದುವರಿಸಲು ಬಾಯಿ ತೆರೆದ.

"ಸುಮ್ಕಿರ್ಲಾ" ಎಂದರು ಕರಿಬಸಮ್ಮ. "ಅವ್ಳಿನ್ನೂ ಉಸುರು ಬುಡ್ತಾ ಅವ್ಳೆ."

ಎಲ್ಲರೂ ಕಾದರು. ಮೂರು ಹಾಡಿನ ಹೊತ್ತು ತೆಗೆದುಕೊಂಡರೂ ಆ ಒಂದು ಹಾಡನ್ನು ಶಿವರುದ್ರಮ್ಮ ಕೊನೆಯ ಸಾಲಿನವರೆಗೆ ತಾವೇ ಹಾಡಿದರು.