ಬಿಳಿ ಚಾವಣಿಯ ಕಪ್ಪು ಪಟ್ಟಿ

"ಚಾವಣಿ ನೋಡ್ತಾ ನಿಂತ್ರೆ ಅಟ್ಟ ಬೆಚ್ಚಗಾಗತ್ತೇನಮ್ಮ? ನೆಲದಡಿ ಬಿಸಿ ತಂತಿ ಎಳಿ, ಗೋಡೆಗೆರಡು ಹೀಟರ್ ಹಾಕು, ಹೋಗ್ತಾ ಇರು. ನನ್ನ ಕೆಲಸದಲ್ಲಿ ಮೂಗು ತೂರಿಸ್ಬೇಡ."

"ನಿನ್ನ ಕೆಲಸ ನೆಟ್ಟಗಿದ್ದಿದ್ರೆ ಈ ಚಳೀಲಿ ನನ್ನ ಮೂಗಿಗೇನು ಕೆಲಸ ಇತ್ತು, ಕ್ಲಿಫರ್ಡ್?"

ಹ್ಯಾಲಿಫ್ಯಾಕ್ಸಿನ ಇಳಿಜಾರು ಬೀದಿ. ಜನವರಿಯ ಬೆಳಕು ಈಗಷ್ಟೇ ಹರಿಯುತ್ತಿದೆ. ಅಟ್ಟವನ್ನು ಕೋಣೆಯಾಗಿಸಿದ ಮೇಸ್ತ್ರಿ ಕ್ಲಿಫರ್ಡ್ ಎಗರಾಡುತ್ತಿದ್ದರೂ ಗ್ವೆಂಡಾ ಆಗ್ಡನ್ ಎತ್ತಿದ ಕತ್ತು ಇಳಿಸುವುದಿಲ್ಲ. ಸಾಲುಮನೆಗಳ ಹೆಂಚೆಲ್ಲ ಹೆಪ್ಪುಗಟ್ಟಿದ ಇಬ್ಬನಿಯಿಂದ ಬೆಳ್ಳಗಿವೆ. ಗ್ವೆಂಡಾರನ್ನು ಕರೆಸಿದ ಲಾರ್ನಾಳ ಮನೆಗೆ ಮಾತ್ರ ಸೂರಿನಂಚಿನುದ್ದಕ್ಕೂ ಒದ್ದೆ ಕಪ್ಪು ಪಟ್ಟಿ. ರಾತ್ರಿಯಿಡೀ ಉರಿಸಿದ ಹೀಟರಿನ ಕಾವೆಲ್ಲ ಅಲ್ಲಿಂದಲೇ ಸೋರಿ ಇಬ್ಬನಿ ಕರಗಿಸಿದೆ.

ಐವತ್ತೆಂಟರ ಗ್ವೆಂಡಾ ಮೂವತ್ತೊಂದು ವರ್ಷದಿಂದ ಮನೆಗಳನ್ನು ಬೆಚ್ಚಗಿಡುತ್ತಿದ್ದಾರೆ. ದಿನಕ್ಕೆ ಮೂರು ಮನೆ, ನಲವತ್ತು ಸಲ ಏಣಿ. ಮಂಡಿ ಎರಡೂ ಸವೆದಿವೆ. ಮೊದಮೊದಲು ಬಾಗಿಲು ತೆಗೆದವರು "ಗಂಡಸರು ಬರಲ್ವಾ?" ಎಂದು ಕೇಳುತ್ತಿದ್ದರಂತೆ. ನಾಚಿಕೆಯಾಗಬೇಕು ಅವರಿಗೆ. ಅಟ್ಟವನ್ನು ಕೋಣೆ ಮಾಡಿಕೊಂಡವರು ಯಾವ ಹೀಟರ್ ಹಾಕಿಸಲಿ ಎಂದರೆ ಈಕೆ ಕೂಡಲೇ ಉತ್ತರಿಸುವುದಿಲ್ಲ. ಇಬ್ಬನಿ ಹೆಪ್ಪುಗಟ್ಟಿದ ಬೆಳಗ್ಗೆ ಬಂದು, ಚಾವಣಿ ನೋಡಿಯೇ ಹೇಳುವುದು.

ಲಾರ್ನಾಳ ಹೆರಿಗೆಗೆ ಇನ್ನು ಮೂರೇ ವಾರ. ಮಗುವಿಗೆ ಇರುವ ಜಾಗ ಈ ಅಟ್ಟವೊಂದೇ.

"ನನ್ನ ಕೂಸು ನಡುಗಬಾರ್ದು ಅಷ್ಟೇ. ಏನಾದ್ರೂ ಹಾಕಿ ಗ್ವೆಂಡಾ."

"ತೂತು ಬಕೆಟ್ಟಿಗೆ ಎಷ್ಟು ನೀರು ಹೊಯ್ತೀಯ ಪುಟ್ಟಿ? ಬಾ ಮೇಲೆ."

ಅಟ್ಟದಲ್ಲಿ ಚಾವಣಿ ಇಳಿದು ಬರುವ ಕಡೆ ಮಂಡಿಯೆತ್ತರದ ಹಲಗೆಗೋಡೆ. ಗ್ವೆಂಡಾ ನಾಲ್ಕು ಸ್ಕ್ರೂ ಬಿಚ್ಚಿ ಹಿಂದಕ್ಕೆ ಟಾರ್ಚ್ ಬಿಡುತ್ತಾರೆ. ಚಳಿ ತಡೆಯುವ ದಪ್ಪ ಹಾಸು ಇರಬೇಕಾದ ಜಾಗ ಖಾಲಿ. ಬಿದ್ದಿರುವುದು ಒಂದು ಚಿಪ್ಸ್ ಪೊಟ್ಟಣ.

"ನೀನು ತುಂಬಿರೋದು ಇದೊಂದೇನಾ ಮಾರಾಯ?"

ಹಿಂದೆಯೇ ಹತ್ತಿಬಂದ ಕ್ಲಿಫರ್ಡ್ ಮಂಡಿಯೂರಿ ಪೊಟ್ಟಣ ಎತ್ತಿ ಜೇಬಿಗೆ ಸೇರಿಸುತ್ತಾನೆ. ಗ್ವೆಂಡಾ ಕಣ್ಣರಳಿಸಿ ಲಾರ್ನಾಳ ಕಡೆ ತಿರುಗುತ್ತಾರೆ.

"ಇದನ್ನ ತುಂಬಿಬಿಟ್ರೆ ಆಯ್ತು. ಕೆಳಗಿನ ಬಾಯ್ಲರಿಂದ ಬಿಸಿನೀರಿನ ಜೋಡಿ ಕೊಳವೆ ಎಳೆದು ಕಿಟಕಿ ಕೆಳಗೆ ಒಂದೇ ಒಂದು ರೇಡಿಯೇಟರ್. ನೆಲ ಕೀಳೋದೂ ಬೇಡ. ಶನಿವಾರ ನೀನಿಲ್ಲಿ ಬರಿಗಾಲಲ್ಲಿ ಓಡಾಡ್ತೀಯ."

ಇಷ್ಟು ವರ್ಷದ ದುಡಿಮೆಗೆ ಏನು ಆಸೆ ಎಂದು ಲಾರ್ನಾ ಕೇಳಿದರೆ ಗ್ವೆಂಡಾರಿಗೆ ನಗು. "ಕೋಣೆ ಬೆಚ್ಚಗಿದ್ರೆ ಯಾರಿಗೂ ನನ್ನ ನೆನಪೇ ಬರಲ್ಲ. ಹಾಗೇ ಇರ್ಲಿ."

ಕ್ಲಿಫರ್ಡ್ ಪ್ಯಾಂಟಿನ ಧೂಳು ಕೊಡವಿಕೊಂಡು "ಟೀ ಕುಡಿದು ಬಂದು ತುಂಬ್ತೀನಿ" ಎಂದು ಧಡಧಡ ಇಳಿದುಹೋಗುತ್ತಾನೆ.

ಇವತ್ತು ಶನಿವಾರ. ಹಾಸು ತುಂಬಿದ್ದು ಗ್ವೆಂಡಾ. ರೇಡಿಯೇಟರಿಗೆ ಬೆನ್ನು ಕೊಟ್ಟು ಲಾರ್ನಾ ಬರಿಗಾಲಲ್ಲಿ ಕೂತಿದ್ದಾಳೆ. ಕ್ಲಿಫರ್ಡ್ ಇನ್ನೂ ಟೀ ಕುಡಿಯುತ್ತಿದ್ದಾನೆ.