ಗಂಗಮ್ಮ ಕೂಗಿದ ಆ ಬೆಳಿಗ್ಗೆ

ಹೋದ ವರ್ಷ ನನಗೆ ಅರವತ್ತು ತುಂಬಿತು. ಶಿವಮೊಗ್ಗ–ಭದ್ರಾವತಿ ನಡುವೆ ಖಾಸಗಿ ಬಸ್ ಓಡಿಸುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಮಾಲೀಕರು, "ಇನ್ನೂ ಎರಡು ವರ್ಷ ಇರಿ ಸಾಬ್ರೇ, ನಿಮ್ಮಂಥ ಡ್ರೈವರ್ ಎಲ್ಲಿ ಸಿಗ್ತಾರೆ?" ಎಂದಿದ್ದರು. ಹೆಂಡತಿ ಮಾತ್ರ, "ಸಾಕು ಮಾಡಿ" ಎನ್ನುತ್ತಿದ್ದಳು. ನನಗೋ ಬಿಡಲು ಮನಸ್ಸಿಲ್ಲ. ಬೆಳಗಾದರೆ ಬಸ್ಸಿಲ್ಲದೆ ಏನು ಮಾಡುವುದೆಂದೇ ತೋಚುತ್ತಿರಲಿಲ್ಲ. ಸಂಜೆ ಮಾಲೀಕರಿಗೆ ಒಪ್ಪಿಗೆ ಹೇಳಿಬಿಡೋಣ ಎಂದುಕೊಂಡೇ ಒಂದು ಬೆಳಿಗ್ಗೆ ಭದ್ರಾವತಿಯಿಂದ ಹೊರಟೆ.

ನನ್ನ ಸೀಟಿನ ಹಿಂದೆ ಎಂದಿನಂತೆ ಗಂಗಮ್ಮ ಕೂತಿದ್ದರು. ನನಗಿಂತ ದೊಡ್ಡವರು, ಶಿವಮೊಗ್ಗದಿಂದ ಹೂವು ತಂದು ಹಾರ ಕಟ್ಟಿ ಮಾರುವವರು. ಊರು ದಾಟುವ ಮೊದಲೇ ಪಕ್ಕದ ರಸ್ತೆಯಿಂದ ಸ್ಕೂಟರೊಂದು ಅಡ್ಡ ಬಂತು. ಓಡಿಸುತ್ತಿದ್ದವಳು ತಾಯಿ, ಹಿಂದೆ ಯೂನಿಫಾರ್ಮಿನ ಮಗು.

"ಸಾಬ್ರೇ, ಸ್ಕೂಟ್ರು!"

ಗಂಗಮ್ಮ ಹಾಗೆ ಚೀರಿದ ಮೇಲೆಯೇ ನಾನು ಬ್ರೇಕ್ ಒತ್ತಿದ್ದು. ಬಸ್ಸು ಮಗುವಿನ ಕಾಲಿಗೆ ಗೇಣು ದೂರದಲ್ಲಿ ನಿಂತಿತು.

"ಎಂಥಾ ಡ್ರೈವರ್ ಮಾರಾಯ! ಬೇರೆಯವ್ರಾಗಿದ್ರೆ ಮುಗ್ದೇ ಹೋಗ್ತಿತ್ತು" ಎಂದು ಯಾರೋ ಬೆನ್ನು ತಟ್ಟಿದರು. ನಾನೂ ನಕ್ಕೆ. ಗಂಗಮ್ಮನ ಕಡೆ ಮಾತ್ರ ತಿರುಗಿ ನೋಡದೆ ಬಸ್ಸು ಹೊರಡಿಸಿದೆ.

ಶಿವಮೊಗ್ಗದಲ್ಲಿ ಎಲ್ಲರೂ ಇಳಿದ ಮೇಲೆ ಗಂಗಮ್ಮ ಹತ್ತಿರ ಬಂದು ಮೆಲ್ಲಗೆ, "ತಪ್ಪು ತಿಳ್ಕೋಬೇಡಿ. ನಾನು ಕೂಗೋವರ್ಗೂ ಅದು ನಿಮಗೆ ಕಂಡೇ ಇರ್ಲಿಲ್ಲ, ಅಲ್ವಾ?" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ವಯಸ್ಸು ನಿಮಗೂ ಆಗಿದೆಯಲ್ಲ, ನೀವ್ಯಾಕೆ ವ್ಯಾಪಾರ ಬಿಟ್ಟಿಲ್ಲ?"

"ನಾನು ಕಟ್ಟಿದ ಹಾರ ಕೆಟ್ರೆ ಬಿಚ್ಚಿ ಇನ್ನೊಂದ್ಸಲ ಕಟ್ತೀನಿ. ನಿಮ್ಮ ಕೆಲ್ಸ ಹಂಗಲ್ವಲ್ಲ ಸಾಬ್ರೇ." ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ನಾನು ಮತ್ತೆ ಆ ಸೀಟಿಗೆ ಹತ್ತಲಿಲ್ಲ. ಮಾಲೀಕರಿಗೆ ಫೋನ್ ಮಾಡಿ, ನಡೆದದ್ದನ್ನು ತಿಳಿಸಿ, ಬೇರೆ ಡ್ರೈವರ್ ಕಳಿಸಲು ಹೇಳಿದೆ.

"ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ?" ಎಂದರು ಅವರು.

"ಮಾಡೋಕೆ ಮುಂಚೆನೇ ಬಿಡ್ತೀನಿ ಅಣ್ಣ."

ಮಾಲೀಕರು, "ಹಂಗಾದ್ರೆ ಸ್ಟ್ಯಾಂಡಲ್ಲಿ ಬಸ್ ಬಿಡೋ ಟೈಮ್ ನೋಡ್ಕೊಳ್ಳಿ. ಮನೇಲಿ ಕೂತ್ರೆ ಕೊರಗ್ತೀರಿ" ಎಂದರು. ಈಗ ಅದೇ ನನ್ನ ಕೆಲಸ.

ನನ್ನ ಬಸ್ಸನ್ನು ಬೇರೆಯವರು ಓಡಿಸಿಕೊಂಡು ಹೋಗುವಾಗ ಇವತ್ತಿಗೂ ಅದು ಕಣ್ಮರೆಯಾಗುವವರೆಗೆ ನೋಡುತ್ತಾ ನಿಲ್ಲುತ್ತೇನೆ. ಆದರೆ ಎಲ್ಲರೂ ಹೊಗಳುತ್ತಿದ್ದ ಹೊತ್ತಿನಲ್ಲಿ ನಿಜ ಹೇಳುವವರೊಬ್ಬರು ನನಗಿದ್ದರು. ನಮಾಜಿನ ನಂತರ ದುವಾ ಮಾಡುವಾಗ ನನ್ನ ಮಕ್ಕಳ ಜೊತೆಗೆ, ಹೆಸರೂ ಗೊತ್ತಿಲ್ಲದ ಆ ಮಗುವನ್ನೂ ಗಂಗಮ್ಮನನ್ನೂ ನೆನೆಯುತ್ತೇನೆ.